ನಗೆಯ ಪಾತ್ರಗಳ ಆಚೆ ಉಮಾಶ್ರೀ: ಗುಲಾಬಿ, ರುದ್ರಿ ಮತ್ತು ಪುಟ್ಟಕ್ಕ

ನೌಬಾದ (ಬೀದರ್): ನೌಬಾದ ದಾಟಿ ಭಾಲ್ಕಿಯ ಕಡೆಗೆ ಸಾಗುವ ರಸ್ತೆಯ ಆಚೀಚಿನ ಊರುಗಳಲ್ಲಿ ನಟ ವೈಜನಾಥ ಬಿರಾದಾರ ಅವರ ಹೆಸರನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಭಾಲ್ಕಿ ತಾಲ್ಲೂಕಿನಿಂದ ಬೆಂಗಳೂರಿಗೆ ಹೋಗಿ, ನೂರಾರು ಚಿತ್ರಗಳಲ್ಲಿ ಭಿಕ್ಷುಕನಾಗಿ, ಕುಡುಕನಾಗಿ ಎರಡು ನಿಮಿಷ ನಗಿಸಿ ಮರೆಯಾಗುತ್ತಿದ್ದ ಈ ನಟ, 2010ರಲ್ಲಿ ಬಂದ ಗಿರೀಶ ಕಾಸರವಳ್ಳಿ ಅವರ ‘ಕನಸೆಂಬೊ ಕುದುರೆಯನೇರಿ’ ಚಿತ್ರದಲ್ಲಿ ಮೊದಲಿನಿಂದ ಕೊನೆಯವರೆಗೂ ಕಥೆಯ ಭಾರವನ್ನು ಹೊತ್ತರು. ಆ ಪಾತ್ರಕ್ಕೆ ಸ್ಪೇನ್‌ನ ‘ಇಮ್ಯಾಜಿನ್ ಇಂಡಿಯಾ’ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಯೂ ಲಭಿಸಿತು. ಜಿಲ್ಲೆಯ ಜನ ಅದನ್ನು ಅಭಿಮಾನದಿಂದ ನೆನೆಯುವುದು ಸಹಜ.

ಆದರೆ ಆ ಚಿತ್ರದಲ್ಲಿ ಬಿರಾದಾರ ಅವರ ಪಕ್ಕದಲ್ಲಿ, ಗೋರಿ ತೋಡುವ ಈರ್ಯನ ಹೆಂಡತಿ ರುದ್ರಿಯಾಗಿ ನಿಂತಿದ್ದ ನಟಿಯ ಕಥೆ ಇನ್ನೂ ದೀರ್ಘವಾದುದು. ಅವರೂ ನಗಿಸುವ ಪಾತ್ರಗಳಿಂದಲೇ ಹೆಸರಾದವರು. ಅವರನ್ನೂ ಚಿತ್ರೋದ್ಯಮ ಬಹುಕಾಲ ಕಥೆಯ ಅಂಚಿನಲ್ಲಿಯೇ ಇರಿಸಿತ್ತು. ಕನ್ನಡ ಚಿತ್ರರಂಗದಲ್ಲಿ ‘ಪೋಷಕ ನಟಿ’ ಎಂಬ ಮಾತಿಗೆ ನಿಜಕ್ಕೂ ಏನರ್ಥ, ಆ ಹಣೆಪಟ್ಟಿ ಒಬ್ಬ ಕಲಾವಿದೆಗೆ ಏನನ್ನು ಕೊಡುತ್ತದೆ, ಏನನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಉಮಾಶ್ರೀ ಅವರ ನಾಲ್ಕು ದಶಕಗಳ ವೃತ್ತಿಜೀವನಕ್ಕಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ.

ನೊಣವಿನಕೆರೆಯಿಂದ ರಂಗಮಂಚಕ್ಕೆ

ಉಮಾಶ್ರೀ ಅವರು 1957ರ ಮೇ 10ರಂದು ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಜನಿಸಿದರು. ಬಡತನದಲ್ಲಿ ಬೆಳೆದ ಅವರಿಗೆ ನಟನೆ ಹವ್ಯಾಸವಾಗುವುದಕ್ಕಿಂತ ಹೆಚ್ಚಾಗಿ ಬದುಕಿನ ದಾರಿಯಾಯಿತು. ಚಿತ್ರರಂಗದಲ್ಲಿ ಹೆಸರಾಗುವ ಮೊದಲೇ ಅವರು ರಂಗಭೂಮಿಯ ಕಲಾವಿದೆ. ಚಿತ್ರಗಳು ಕೈತುಂಬ ಇದ್ದ ವರ್ಷಗಳಲ್ಲಿಯೂ, ರಾಜಕಾರಣಕ್ಕೆ ಬಂದ ಮೇಲೂ ಅವರು ರಂಗವನ್ನು ಬಿಡಲಿಲ್ಲ.

ಅವರ ರಂಗಜೀವನದ ಮಾತು ಬಂದಾಗ ತಪ್ಪದೆ ಕೇಳಿಬರುವ ಹೆಸರು ‘ಒಡಲಾಳ’. ದೇವನೂರ ಮಹಾದೇವ ಅವರ ಈ ಕಿರುಕಾದಂಬರಿಯ ರಂಗರೂಪವನ್ನು ಸಿ.ಜಿ. ಕೃಷ್ಣಸ್ವಾಮಿ ಅವರು ನಿರ್ದೇಶಿಸಿದಾಗ ಅದರಲ್ಲಿ ಸಾಕವ್ವನ ಪಾತ್ರವನ್ನು ಉಮಾಶ್ರೀ ನಿರ್ವಹಿಸಿದರು. ಕಳೆದುಹೋದ ಒಂದು ಹುಂಜವನ್ನು ಹುಡುಕುತ್ತ ಊರೆಲ್ಲ ಶಪಿಸುವ ಮುದುಕಿ ಸಾಕವ್ವ. ಒಂದು ರಾತ್ರಿ ಮನೆಯವರೆಲ್ಲ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಬೆಳಗಾಗುವಷ್ಟರಲ್ಲಿ ಪೊಲೀಸರು ಬಾಗಿಲಲ್ಲಿ. ಹಸಿವನ್ನು ಗೋಳಾಗಿಸದೆ, ನಗುವನ್ನು ಹಗುರಾಗಿಸದೆ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯಬೇಕಾದ ಪಾತ್ರವದು. ಬಡ ಹೆಂಗಸಿನ ಬೈಗುಳದೊಳಗಿನ ಘನತೆಯನ್ನು ಪ್ರೇಕ್ಷಕರಿಗೆ ಮುಟ್ಟಿಸಬಲ್ಲ ನಟಿ ಕನ್ನಡದಲ್ಲಿದ್ದಾರೆ ಎಂಬುದು ನಾಟಕ ನೋಡಿದವರಿಗೆ ಚೆನ್ನಾಗಿಯೇ ತಿಳಿದಿತ್ತು. ಸಿನಿಮಾದವರಿಗೆ ಅದು ತಿಳಿಯಲು ಬಹಳ ಕಾಲ ಹಿಡಿಯಿತು.

ಎರಡರ್ಥದ ಮಾತುಗಳ ಕಾಲ

1984ರಲ್ಲಿ ಬಂದ ಕಾಶೀನಾಥ್ ಅವರ ‘ಅನುಭವ’ ಉಮಾಶ್ರೀ ಅವರನ್ನು ರಾಜ್ಯದ ಪ್ರೇಕ್ಷಕರಿಗೆ ಪರಿಚಯಿಸಿದ ಚಿತ್ರ. ಹರೆಯದ ಲೈಂಗಿಕ ಅರಿವಿನ ಸುತ್ತ ಹೆಣೆದ, ಆ ಕಾಲಕ್ಕೆ ಸಾಕಷ್ಟು ಚರ್ಚೆಗೆ ಗುರಿಯಾದ ಚಿತ್ರವದು. ಅದು ಗಳಿಸಿದ ಯಶಸ್ಸು ನಟಿಗೆ ವರವೂ ಆಯಿತು, ಶಾಪವೂ ಆಯಿತು. ಅವಕಾಶಗಳು ಬಂದವು, ಆದರೆ ಬಂದವುಗಳಲ್ಲಿ ಬಹುಪಾಲು ಒಂದೇ ಬಗೆಯವು. ಎನ್.ಎಸ್. ರಾವ್, ದಿನೇಶ್, ಮುಖ್ಯಮಂತ್ರಿ ಚಂದ್ರು, ದೊಡ್ಡಣ್ಣ ಮೊದಲಾದ ನಟರ ಜೋಡಿಯಾಗಿ, ಎರಡರ್ಥದ ಮಾತುಗಳನ್ನು ಪಟಪಟನೆ ಉದುರಿಸುವ ಗಯ್ಯಾಳಿ, ಕೆಲಸದಾಕೆ, ಹಳ್ಳಿಯ ಹೆಂಗಸು.

ಇಲ್ಲಿ ಚಿತ್ರೋದ್ಯಮದ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಆ ಕಾಲದ ಜನಪ್ರಿಯ ಚಿತ್ರಗಳಲ್ಲಿ ಹಾಸ್ಯಭಾಗವು ಅನೇಕ ವೇಳೆ ಮುಖ್ಯ ಕಥೆಗೆ ಅಂಟಿಯೂ ಅಂಟದಂತೆ ಇರುತ್ತಿತ್ತು. ನಾಯಕ ನಟನ ದಿನಾಂಕಗಳನ್ನು ಮೊದಲು ನಿಗದಿ ಮಾಡಿ, ಉಳಿದ ದಿನಗಳಲ್ಲಿ ಹಾಸ್ಯ ನಟರನ್ನು ಕರೆಸಿ ಅವರ ದೃಶ್ಯಗಳನ್ನು ಒಟ್ಟಿಗೆ ಚಿತ್ರೀಕರಿಸಿಕೊಳ್ಳುವುದು ವಾಡಿಕೆ. ಹಾಸ್ಯ ನಟ, ನಟಿಯರಿಗೆ ಪೂರ್ಣ ಕಥೆ ಹೇಳುವ ಸೌಜನ್ಯವನ್ನು ಎಲ್ಲರೂ ತೋರುತ್ತಿರಲಿಲ್ಲ. ಪಾತ್ರಕ್ಕೊಂದು ಹಿನ್ನೆಲೆ, ಒಂದು ಬೆಳವಣಿಗೆ ಎಂಬುದಿರಲಿ, ಕೆಲವೊಮ್ಮೆ ಹೆಸರೂ ಇರುತ್ತಿರಲಿಲ್ಲ. ಇಂಥ ಕಡೆ ನಟಿಗೆ ಉಳಿಯುವ ಬಂಡವಾಳವೆಂದರೆ ಮೂರೇ: ಮಾತಿನ ಲಯ, ಮುಖದ ಚಲನೆ, ಎದುರಿನವರ ಮಾತು ಮುಗಿಯುವ ಕ್ಷಣವನ್ನು ಹಿಡಿಯುವ ಕಿವಿ. ರಂಗಭೂಮಿಯಲ್ಲಿ ಪಳಗಿದ ಉಮಾಶ್ರೀ ಅವರಲ್ಲಿ ಮೂರೂ ಇದ್ದವು. ಆದ್ದರಿಂದಲೇ ಎಷ್ಟೋ ಚಿತ್ರಗಳ ಕಥೆ ಮರೆತುಹೋಗಿದ್ದರೂ ಅವರ ದೃಶ್ಯಗಳು ನೆನಪಿನಲ್ಲಿವೆ.

ಆ ಮಾತುಗಳನ್ನು ಬರೆದವರು ಬೇರೆ, ಮೆಚ್ಚಿ ಹಣ ತೆತ್ತವರು ಬೇರೆ; ಅಪಕೀರ್ತಿ ಮಾತ್ರ ಆಡಿದವರ ತಲೆಗೆ, ಅದರಲ್ಲಿಯೂ ಹೆಂಗಸಿನ ತಲೆಗೆ ಬಂತು. ಜೊತೆಯ ನಟ ‘ಹಾಸ್ಯ ಚಕ್ರವರ್ತಿ’ ಎನಿಸಿಕೊಂಡರೆ ನಟಿ ‘ಅಂಥ ಪಾತ್ರ ಮಾಡುವವಳು’ ಎನಿಸಿಕೊಳ್ಳುವ ಅನ್ಯಾಯ ಕನ್ನಡಕ್ಕಷ್ಟೇ ಸೀಮಿತವಲ್ಲ ಎಂಬುದು ನಿಜವಾದರೂ, ಅದರಿಂದ ಅನ್ಯಾಯ ಕಡಿಮೆಯಾಗುವುದಿಲ್ಲ.

ಮೂವತ್ತೆಂಟರ ಅಜ್ಜಿ

ಒಳಗಿನ ಕಲಾವಿದೆ ಆಗಾಗ ಹೊರಗಿಣುಕಿದ್ದೂ ಉಂಟು. 1994ರ ‘ಕೊಟ್ರೇಶಿ ಕನಸು’ ಅಂಥದೊಂದು ಚಿತ್ರ. ಕುಂ. ವೀರಭದ್ರಪ್ಪ ಅವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಈ ಚಿತ್ರದಲ್ಲಿ, ಓದಬೇಕೆಂದು ಹಂಬಲಿಸುವ ದಲಿತ ಬಾಲಕನಾಗಿ ವಿಜಯ ರಾಘವೇಂದ್ರ ನಟಿಸಿದರೆ, ತಂದೆ ತಾಯಿಯರಾಗಿ ಕಾಣಿಸಿಕೊಂಡವರು ಕರಿಬಸವಯ್ಯ ಮತ್ತು ಉಮಾಶ್ರೀ. ಇಬ್ಬರನ್ನೂ ಉದ್ಯಮ ನಗಿಸಲಿಕ್ಕೆಂದೇ ಮೀಸಲಿಟ್ಟಿದ್ದ ಕಾಲದಲ್ಲಿ ಅವರೊಳಗೆ ಬಡ ದಂಪತಿಯನ್ನು ಕಂಡದ್ದು ನಿರ್ದೇಶಕರ ಹೆಗ್ಗಳಿಕೆ.

ಮರುವರ್ಷ, 1995ರಲ್ಲಿ, ವಿ. ರವಿಚಂದ್ರನ್ ಅವರ ‘ಪುಟ್ನಂಜ’ ಬಂತು. ಅದರಲ್ಲಿ ಉಮಾಶ್ರೀ ನಾಯಕನ ಅಜ್ಜಿ. ಆಗ ಅವರ ವಯಸ್ಸು ಮೂವತ್ತೆಂಟು. ಮೊಮ್ಮಗನ ಪಾತ್ರದಲ್ಲಿದ್ದ ರವಿಚಂದ್ರನ್ ಅವರಿಗಿಂತ ಕೇವಲ ನಾಲ್ಕು ವರ್ಷ ಹಿರಿಯರು. ನಾಯಕಿಯರಿಗೆ ಮೂವತ್ತು ದಾಟಿದೊಡನೆ ಅತ್ತಿಗೆಯ, ನಲವತ್ತು ಸಮೀಪಿಸಿದೊಡನೆ ತಾಯಿಯ ಪಾತ್ರ ಕಾದಿರುವ ಉದ್ಯಮದಲ್ಲಿ ಪೋಷಕ ನಟಿ ಇನ್ನೂ ಬೇಗ ಮುದುಕಿಯಾಗಬೇಕಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಆದರೂ ಆ ಪಾತ್ರವನ್ನು ಅವರು ನರೆಗೂದಲ ವೇಷವಾಗಿ ಬಿಡಲಿಲ್ಲ. ಬೊಚ್ಚುಬಾಯಿಯ ಮಾತು, ಬಾಗಿದ ಬೆನ್ನು, ಮೊಮ್ಮಗನ ಮೇಲಿನ ಜಗಳಗಂಟಿ ಅಕ್ಕರೆ, ಇವೆಲ್ಲ ಸೇರಿ ಆ ಅಜ್ಜಿ ಚಿತ್ರದ ತಾರೆಯರಿಗೆ ಸರಿಸಮನಾಗಿ ಜನಮನದಲ್ಲಿ ಉಳಿದಳು.

ಟಿವಿ ಬಂದ ದ್ವೀಪದಲ್ಲಿ ಗುಲಾಬಿ

ಉಮಾಶ್ರೀ ಅವರಿಗೆ ಐವತ್ತು ದಾಟಿದ ಮೇಲೆ, 2008ರಲ್ಲಿ, ತೆರೆಕಂಡ ‘ಗುಲಾಬಿ ಟಾಕೀಸ್’ ಅವರ ವೃತ್ತಿಜೀವನವನ್ನು ಎರಡಾಗಿ ಸೀಳಿದ ಚಿತ್ರ ಎನ್ನಲು ಅಡ್ಡಿಯಿಲ್ಲ. ವೈದೇಹಿ ಅವರ ಮೂಲ ಕಥೆಯಲ್ಲಿದ್ದುದು ಸಣ್ಣ ಊರಿಗೆ ಬಂದ ಚಿತ್ರಮಂದಿರ ಮತ್ತು ಅದರಿಂದ ಹೆಣ್ಣುಮಕ್ಕಳ ಬದುಕಿನಲ್ಲಿ ಎದ್ದ ಸಣ್ಣ ಅಲೆಗಳು. ಕಾಸರವಳ್ಳಿ ಅವರು ಚಿತ್ರಮಂದಿರದ ಜಾಗದಲ್ಲಿ ಟಿವಿಯನ್ನು ತಂದರು. ಕಾಲವನ್ನು ಕಾರ್ಗಿಲ್ ಯುದ್ಧದ ಹೊತ್ತಿಗೆ, ಸ್ಥಳವನ್ನು ಕುಂದಾಪುರ ಸೀಮೆಯ ಹಿನ್ನೀರಿನ ದ್ವೀಪಕ್ಕೆ ಒಯ್ದರು.

ಗುಲಾಬಿ ಗಂಡನಿಂದ ದೂರವಾದ, ಒಂಟಿಯಾಗಿರುವ ಮುಸ್ಲಿಂ ಸೂಲಗಿತ್ತಿ. ಸಿನಿಮಾ ಹುಚ್ಚಿನವಳು. ಸಿರಿವಂತರ ಮನೆಯ ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳ ಗುಡಿಸಲಿಗೆ ಡಿಶ್ ಆ್ಯಂಟೆನಾ ಸಮೇತ ಬಣ್ಣದ ಟಿವಿ ಬರುತ್ತದೆ. ಅದುವರೆಗೆ ಅವಳ ಮನೆಯ ಹೊಸ್ತಿಲು ತುಳಿಯದಿದ್ದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂರತೊಡಗುತ್ತಾರೆ. ಗುಡಿಸಲು ‘ಟಾಕೀಸ್’ ಆಗುತ್ತದೆ. ಅತ್ತ ಮೀನುಗಾರಿಕೆಯ ವ್ಯಾಪಾರದಲ್ಲಿನ ಪೈಪೋಟಿ ಧರ್ಮದ ಬಣ್ಣ ಪಡೆಯುತ್ತದೆ. ಯುದ್ಧದ ಸುದ್ದಿ ಅದಕ್ಕೆ ಎಣ್ಣೆ ಸುರಿಯುತ್ತದೆ. ಟಿವಿ ನೋಡಲು ಬರುತ್ತಿದ್ದ ಗೆಳತಿ ನೇತ್ರು ಕಾಣೆಯಾದಾಗ ಸಂಶಯ ಗುಲಾಬಿಯ ಮೇಲೆ ಬೀಳುತ್ತದೆ. ಕೊನೆಗೆ ದ್ವೀಪವನ್ನೇ ಬಿಡಬೇಕಾದ ಸ್ಥಿತಿ ಅವಳಿಗೊದಗುತ್ತದೆ.

ಈ ಪಾತ್ರದಲ್ಲಿ ಉಮಾಶ್ರೀ ಅವರು ಮಾಡಿದ್ದೇನು ಎಂಬುದಕ್ಕಿಂತ ಮಾಡದೆ ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. ಜನಪ್ರಿಯ ಚಿತ್ರಗಳಲ್ಲಿ ಅವರ ಆಸ್ತಿಯಾಗಿದ್ದ ಏರುದನಿ, ಕಣ್ಣು ತಿರುಗಿಸುವಿಕೆ, ಕೈಬೀಸು ಇಲ್ಲಿ ಬಹುತೇಕ ಇಲ್ಲ. ಪರದೆಯ ಬೆಳಕು ಮುಖದ ಮೇಲೆ ಬೀಳುವಾಗ ಅರಳುವ ಮಗುವಿನಂಥ ಬೆರಗು, ಗಂಡ ಮೂಸಾ ಎದುರಾದಾಗ ಅದನ್ನು ಅದುಮಿಡುವ ಬಿಗಿ, ಅಷ್ಟರಲ್ಲೇ ಗುಲಾಬಿ ಪೂರ್ಣವಾಗುತ್ತಾಳೆ. ಹಾಸ್ಯದ ಪಳಗಿಕೆ ವ್ಯರ್ಥವಾಗಲಿಲ್ಲ ಎಂಬುದೂ ಇಲ್ಲಿಯೇ ಕಾಣುತ್ತದೆ: ಸಿನಿಮಾ ಬಿಟ್ಟು ಹೆರಿಗೆಗೆ ಹೋಗಲೊಲ್ಲದ ಹಟದಲ್ಲಿ ನಗುವಿದೆ, ಆ ನಗುವಿನಿಂದಾಗಿಯೇ ಮುಂದಿನ ಒಂಟಿತನ ನೋಡುಗರನ್ನು ಇರಿಯುತ್ತದೆ.

2007ನೇ ಸಾಲಿನ, ಅಂದರೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 2009ರಲ್ಲಿ ಪ್ರಕಟವಾದಾಗ ಅತ್ಯುತ್ತಮ ನಟಿ ಪ್ರಶಸ್ತಿ ಈ ಪಾತ್ರಕ್ಕೆ ಸಂದಿತು. ದೆಹಲಿಯ ಓಸಿಯಾನ್ಸ್ ಸಿನಿಫ್ಯಾನ್ ಚಿತ್ರೋತ್ಸವದಲ್ಲಿ ಅದಕ್ಕೂ ಮೊದಲೇ ಅವರಿಗೆ ಅತ್ಯುತ್ತಮ ನಟಿ ಗೌರವ ದೊರೆತಿತ್ತು. ಕನ್ನಡ ಚಿತ್ರವೊಂದರ ಅಭಿನಯಕ್ಕೆ ಈ ರಾಷ್ಟ್ರ ಪ್ರಶಸ್ತಿ ಬಂದದ್ದು ಅದು ಮೂರನೆಯ ಸಲ. ಮೊದಲನೆಯದು 1973ರ ‘ಕಾಡು’ ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ ಅವರಿಗೆ, ಎರಡನೆಯದು 2004ರ ‘ಹಸೀನಾ’ ಚಿತ್ರಕ್ಕಾಗಿ ತಾರಾ ಅವರಿಗೆ. ‘ಹಸೀನಾ’ ಕೂಡ ಕಾಸರವಳ್ಳಿ ಅವರದೇ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಯನ್ನು ಆಧರಿಸಿದ್ದು. ಕೊನೆಯ ಎರಡೂ ಪ್ರಶಸ್ತಿಗಳು ಕರ್ನಾಟಕದ ಬಡ ಮುಸ್ಲಿಂ ಹೆಂಗಸರ ಪಾತ್ರಗಳಿಗೆ, ಎರಡೂ ಲೇಖಕಿಯರು ಬರೆದ ಕಥೆಗಳಿಂದ ಬಂದವು ಎಂಬುದು ಕಾಕತಾಳೀಯವಿರಬಹುದು. ಆದರೆ ನಟಿಯರಿಗೆ ಗಟ್ಟಿ ಪಾತ್ರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅದರಲ್ಲೊಂದು ಸುಳಿವಿದೆ.

ಈರ್ಯ ಮತ್ತು ರುದ್ರಿ

‘ಕನಸೆಂಬೊ ಕುದುರೆಯನೇರಿ’ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯನ್ನು ಆಧರಿಸಿದ ಚಿತ್ರ. ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಲ್ಲೊಂದು ಸಾವು ಖಚಿತ ಎಂದು ಈರ್ಯನ ನಂಬಿಕೆ. ಗೋರಿ ತೋಡುವವನಿಗೆ ಆ ಕನಸೇ ಮರುದಿನದ ಅನ್ನದ ಭರವಸೆ. ಒಮ್ಮೆ ಕನಸು ಬೀಳುತ್ತದೆ, ಆದರೆ ಸಾವಿನ ಸುದ್ದಿ ಬರುವುದಿಲ್ಲ. ಗೌಡರ ಮನೆಯಲ್ಲಿ ಸಾವನ್ನು ಮುಚ್ಚಿಟ್ಟಿರುವುದು ಅವನಿಗೆ ತಿಳಿಯದು. ಕನಸು ಸುಳ್ಳಾಯಿತೆಂದರೆ ತನ್ನ ಬದುಕೇ ಸುಳ್ಳಾಯಿತೆಂದು ಅವನು ಕುಸಿಯುತ್ತಾನೆ. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯನ್ನು ಪಡೆದ ಈ ಚಿತ್ರದಲ್ಲಿ ಉತ್ತರ ಕರ್ನಾಟಕದ ಆಡುಮಾತು ಅಲಂಕಾರವಾಗಿ ಬಂದುದಲ್ಲ, ಅದೇ ಚಿತ್ರದ ಭಾಷೆ.

ಬೀದರ್‌ನ ಪ್ರೇಕ್ಷಕರಿಗೆ ಇದು ಸಣ್ಣ ಸಂಗತಿಯಲ್ಲ. ಮಹಾರಾಷ್ಟ್ರ, ತೆಲಂಗಾಣಗಳೆರಡರ ಗಡಿಗೂ ಅಂಟಿಕೊಂಡಿರುವ, ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಕೇಳಿಬರುವ ಈ ಸೀಮೆಯ ಮಾತು ಕನ್ನಡ ಚಿತ್ರಗಳಲ್ಲಿ ಬಹುಕಾಲ ಹಾಸ್ಯದ ಒಗ್ಗರಣೆಯಾಗಿಯೇ ಬಳಕೆಯಾಯಿತು. ನಾಯಕ ಹಳೇ ಮೈಸೂರಿನ ಕನ್ನಡ ಆಡುತ್ತಾನೆ. ಈ ಕಡೆಯ ಕನ್ನಡ ಆಡುವವನು ನಗಿಸಿ ಹೋಗುತ್ತಾನೆ. ಬಿರಾದಾರ ಅವರ ನೂರಾರು ಪಾತ್ರಗಳ ಹಿಂದಿರುವ ಲೆಕ್ಕ ಅದೇ. ಬಡವರ ಮೈಕಟ್ಟು, ಬಡವರ ಮಾತು ಇರುವ ನಟನಿಗೆ ನಗೆಯ ಕೋಣೆಯೊಂದೇ ತೆರೆದಿರುತ್ತದೆ. ಗಂಡಸಾದರೆ ಭಿಕ್ಷುಕ, ಹೆಂಗಸಾದರೆ ಗಯ್ಯಾಳಿ. ಆ ಕೋಣೆಯಿಂದ ಬಂದ ಇಬ್ಬರು ಗಂಡ ಹೆಂಡತಿಯರಾಗಿ ಕೂತು, ನಾಳೆ ಅನ್ನ ಸಿಕ್ಕೀತೇ ಎಂದು ಮೆಲುದನಿಯಲ್ಲಿ ಮಾತಾಡಿಕೊಂಡಾಗ ನಗುವ ಪ್ರಶ್ನೆಯೇ ಏಳಲಿಲ್ಲ. ತಿಪಟೂರು ಕಡೆಯ ಉಮಾಶ್ರೀ ಉತ್ತರದ ಮಾತನ್ನು ಭಾಲ್ಕಿಯ ನಟನ ಎದುರು ಆಡಬೇಕಾಗಿತ್ತು ಎಂಬ ಕಷ್ಟವನ್ನೂ ಇಲ್ಲಿ ನೆನೆಯಬೇಕು. ಎರಡು ವರ್ಷಗಳ ಹಿಂದಷ್ಟೇ ಅವರು ಕರಾವಳಿಯ ಸೂಲಗಿತ್ತಿಯಾಗಿದ್ದವರು.

ಬಿರಾದಾರ ಅವರು ಮತ್ತೆ ಕೇಂದ್ರಕ್ಕೆ ಬಂದದ್ದು ಹದಿಮೂರು ವರ್ಷಗಳ ಬಳಿಕ. ಅವರ 500ನೇ ಚಿತ್ರವೆಂದು ಪ್ರಚಾರ ಪಡೆದ ‘90 ಹೊಡಿ ಮನೀಗ್ ನಡಿ’ 2023ರಲ್ಲಿ ತೆರೆಕಂಡಿತು. ಅದರಲ್ಲಿ ಅವರೇ ನಾಯಕ.

ಸದನದ ದಾರಿ

ರಾಜಕಾರಣದ ಅಧ್ಯಾಯವನ್ನು ಸಂಕ್ಷಿಪ್ತವಾಗಿ ಹೇಳಬಹುದು. ಕಾಂಗ್ರೆಸ್ ಪಕ್ಷದ ಮೂಲಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡಿದ್ದ ಉಮಾಶ್ರೀ, ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ 2008ರಲ್ಲಿ ಸ್ಪರ್ಧಿಸಿ ಸೋತರು. ರಬಕವಿ, ಬನಹಟ್ಟಿಗಳಂಥ ನೇಕಾರರ ಪಟ್ಟಣಗಳಿರುವ ಅದೇ ಕ್ಷೇತ್ರದಿಂದ 2013ರಲ್ಲಿ ಗೆದ್ದು, ಸಿದ್ದರಾಮಯ್ಯ ಅವರ ಸಂಪುಟದಲ್ಲಿ ಕನ್ನಡ ಮತ್ತು ಸಂಸ್ಕೃತಿ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು. 2018ರಲ್ಲಿ ಮತ್ತೆ ಸೋಲು. 2023ರಲ್ಲಿ ಟಿಕೆಟ್ ದೊರೆಯಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಮರಳಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಒಂದು ಕಾಲಕ್ಕೆ ಸಭ್ಯರ ಮನೆಗಳಲ್ಲಿ ಹೆಸರೆತ್ತಲು ಹಿಂಜರಿಯುತ್ತಿದ್ದ ನಟಿ ರಾಜ್ಯದ ಸಂಸ್ಕೃತಿ ಖಾತೆಯನ್ನು ನಿರ್ವಹಿಸಿದರು ಎಂಬುದನ್ನು ದಾಖಲಿಸಿ ಮುಂದೆ ಸಾಗಬಹುದು.

ಕಿರುತೆರೆಯ ಪುಟ್ಟಕ್ಕ

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡ ವಾಹಿನಿಯಲ್ಲಿ ಆರೂರು ಜಗದೀಶ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಆರಂಭವಾದಾಗ ಉಮಾಶ್ರೀ ಅವರಿಗೆ ಅರವತ್ತನಾಲ್ಕು. ಗಂಡು ಮಗು ಹುಟ್ಟಲಿಲ್ಲವೆಂದು ಗಂಡ ತೊರೆದು ಬೇರೊಬ್ಬಳನ್ನು ಕಟ್ಟಿಕೊಂಡ ಮೇಲೆ, ಮೆಸ್ ನಡೆಸುತ್ತ ಸಹನಾ, ಸ್ನೇಹಾ, ಸುಮನಾ ಎಂಬ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿಯ ಕಥೆ. ಮೂಲ ತೆಲುಗಿನ ‘ರಾಧಮ್ಮ ಕೂತುರು’. ಗಡಿಯಾಚೆ ಜಹೀರಾಬಾದಿನ ಮನೆಗಳಲ್ಲಿ ಆಗಲೇ ಪರಿಚಿತವಾಗಿದ್ದ ಕಥೆ ಇತ್ತ ಬೀದರ್‌ನ ಮನೆಗಳಿಗೆ ಪುಟ್ಟಕ್ಕನಾಗಿ ಬಂತು. ಆರಂಭದ ವಾರದಿಂದಲೇ ಅದು ವೀಕ್ಷಕರ ಸಂಖ್ಯೆಯಲ್ಲಿ ಮುಂಚೂಣಿಗೇರಿತು.

ದಿನನಿತ್ಯದ ಧಾರಾವಾಹಿಯಲ್ಲಿ ನಟಿಸುವುದು ಚಿತ್ರಕ್ಕಿಂತ ಬೇರೆ ಬಗೆಯ ದುಡಿಮೆ. ವಾರಕ್ಕೆ ಐದು ಕಂತು, ಕಂತಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟ ಕಥಾಭಾಗ. ಸಂಭಾಷಣೆ ಕೈಗೆ ಬರುವುದು ಎಷ್ಟೋ ವೇಳೆ ಚಿತ್ರೀಕರಣದ ದಿನವೇ. ಕಥೆ ಎತ್ತ ಹೊರಳೀತೆಂಬುದು ವಾರದ ರೇಟಿಂಗ್ ಬಂದ ಮೇಲೆ ತೀರ್ಮಾನ. ಕ್ಯಾಮೆರಾ ಮುಖದಿಂದ ಕದಲುವುದು ಕಡಿಮೆ. ಒಂದೇ ಮಾತಿಗೆ ಮನೆಯವರೆಲ್ಲರ ಮುಖಗಳನ್ನೂ ಸರದಿಯಾಗಿ ತೋರಿಸುವ ಪದ್ಧತಿಯಲ್ಲಿ ಅಭಿನಯ ಅತಿಯಾಗುವ ಅಪಾಯ ಸದಾ ಇರುತ್ತದೆ. ಧಾರಾವಾಹಿಯ ಕಥೆ ಆ ಅಪಾಯದಿಂದ ಪಾರಾಯಿತೆಂದು ಹೇಳಲಾಗದು. ಕೇಡಿನ ಸವತಿ, ಸರಣಿ ಸಂಕಟ, ಒಂದೇ ಗುಟ್ಟಿನ ಸುತ್ತ ತಿಂಗಳುಗಟ್ಟಲೆ ಸುತ್ತಾಟ, ಎಲ್ಲವೂ ಅದರಲ್ಲಿದ್ದವು. ಪುಟ್ಟಕ್ಕ ಮಾತ್ರ ಆ ನಡುವೆಯೂ ನಂಬುವಂತಿದ್ದಳು. ಒಲೆಯ ಮುಂದೆ ಕೂತು ಸೌಟು ತಿರುವುತ್ತ ಮಗಳಿಗೆ ಉತ್ತರಿಸುವ ದೃಶ್ಯದಲ್ಲಿ ಅವರ ಕೈ ಅಡುಗೆ ಮಾಡುತ್ತಿರುತ್ತದೆ, ನಟಿಸುತ್ತಿರುವುದಿಲ್ಲ. ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದ ವೀಕ್ಷಕಿಗೆ ಈ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ನಾಯಕಿಯ ವಯಸ್ಸನ್ನು ಇಪ್ಪತ್ತೈದರಲ್ಲಿ ನಿಲ್ಲಿಸಿಬಿಟ್ಟ ಬೆಳ್ಳಿತೆರೆಗೆ ಹೋಲಿಸಿದರೆ ಕಿರುತೆರೆ ಈ ಒಂದು ವಿಷಯದಲ್ಲಿ ಉದಾರಿ. ಅರವತ್ತು ದಾಟಿದ ಹೆಂಗಸಿನ ಹೆಸರಿನಲ್ಲೇ ಒಂದು ಕಥೆ ವರ್ಷಗಟ್ಟಲೆ ನಡೆಯುವುದು ಅಲ್ಲಿ ಸಾಧ್ಯ. ಗುಲಾಬಿ ತನ್ನ ಗುಡಿಸಲಿನ ಟಿವಿಯ ಮುಂದೆ ಬಾಯಿತೆರೆದು ಕೂತಿದ್ದಳು. ಹದಿಮೂರು ವರ್ಷಗಳ ನಂತರ ಅದೇ ನಟಿ ಆ ಪೆಟ್ಟಿಗೆಯ ಒಳಗಿದ್ದರು, ಎದುರಿಗೆ ಕೂತವರು ನಿಜವಾದ ಗುಲಾಬಿಯರು.

ಧಾರಾವಾಹಿಯ ದುಡಿಮೆಯ ನಡುವೆಯೇ ಅವರು ರಂಗಕ್ಕೂ ಮರಳಿದರು. ಬೇಲೂರು ರಘುನಂದನ್ ರಚಿಸಿ, ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ಪ್ರಯೋಗದಲ್ಲಿ ಇಡೀ ರಂಗ ಅವರೊಬ್ಬರದೇ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದೊಂದಿಗೆ ಯಕ್ಷಗಾನದ ಗೆಜ್ಜೆಯನ್ನೂ ಕಟ್ಟಿದರು. ಅಲ್ಲಿ ಅವರಿಗೆ ಬಂದ ಪಾತ್ರ ಮಂಥರೆ: ರಾಮಾಯಣದಲ್ಲಿ ಸ್ವಲ್ಪ ಹೊತ್ತು ಬಂದು, ಕಥೆಯ ದಿಕ್ಕನ್ನೇ ತಿರುಗಿಸಿ ಹೋಗುವ ಗೂನುಬೆನ್ನಿನ ದಾಸಿ.